ಕ್ಯಾರವಾನಿನಲ್ಲಿ ಕರೆಂಟ್ ಕೈಕೊಟ್ಟರೆ ದೋಷ ಎಲ್ಲಿ ಹುಡುಕಬೇಕು?

ಹೊಸದಾಗಿ ಕ್ಯಾರವಾನ್ ಟ್ರೇಲರ್ (ಗಾಡಿಯ ಹಿಂದೆ ಎಳೆದೊಯ್ಯುವ ಚಿಕ್ಕ ಮನೆ) ಕೊಂಡವರು ಒಳಗಿನ ದೀಪ ಮಂಕಾದ ಮೊದಲ ದಿನ ಗ್ಯಾರೇಜಿನಲ್ಲಿ ಕೇಳುವ ಮಾತು ಸಾಮಾನ್ಯವಾಗಿ ಒಂದೇ: "ಬ್ಯಾಟರಿ ಹೋಗೇತ್ರಿ, ಹೊಸಾದು ಹಾಕ್ಸಿಬಿಡ್ರಿ." ಸಾವಿರಾರು ರೂಪಾಯಿ ಸುರಿದು ಹೊಸ ಬ್ಯಾಟರಿ ಹಾಕಿಸುತ್ತಾರೆ. ಕೆಲವು ದಿನ ಎಲ್ಲ ಸರಿ ಇರುತ್ತದೆ, ಆಮೇಲೆ ಮತ್ತೆ ಅದೇ ಮಂಕು. ಕೆಟ್ಟಿದ್ದು ಬ್ಯಾಟರಿ ಆಗಿರಲಿಲ್ಲ. ಅದಕ್ಕೆ ಚಾರ್ಜ್ ತಂದುಕೊಡುವ ವೈರಿನ ತುದಿಯಲ್ಲಿ ಒಂದು ಲಗ್ (ಒತ್ತಿ ಕೂರಿಸಿದ ಲೋಹದ ಬಳೆ) ಸಡಿಲಾಗಿತ್ತು, ಅಥವಾ ಚಾಸಿಗೆ, ಅಂದರೆ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಬಿಗಿದ ಅರ್ಥ್ ಬೋಲ್ಟಿನ ಕೆಳಗೆ ತುಕ್ಕು ಕೂತಿತ್ತು. ಹೊಸ ಬ್ಯಾಟರಿ ಅಂಗಡಿಯಿಂದ ತುಂಬಿಕೊಂಡು ಬಂದದ್ದರಿಂದ ಅಷ್ಟು ದಿನ ನಡೆಯಿತು, ಅಷ್ಟೇ.

ಕ್ಯಾರವಾನಿನ ವಿದ್ಯುತ್ ದೋಷಗಳಲ್ಲಿ ದೊಡ್ಡ ಪಾಲು ಜೋಡಣೆಯ ದೋಷ. ಉಪಕರಣದ ದೋಷ ಕಡಿಮೆ. ಮನೆಯ ವೈರಿಂಗ್ ಗೋಡೆಯೊಳಗೆ ಅಲುಗಾಡದೆ ಕೂತಿರುತ್ತದೆ. ಇದು ಹಾಗಲ್ಲ. ಹುಬ್ಬಳ್ಳಿಯಿಂದ ಗದಗಿಗೆ ಹೋಗಿ ಲಕ್ಕುಂಡಿ ನೋಡಿ ಬರುವಷ್ಟರಲ್ಲಿ ಪ್ರತಿ ಸ್ಕ್ರೂ, ಪ್ರತಿ ಲಗ್ ಸಾವಿರಾರು ಸಲ ಅದುರಿರುತ್ತದೆ. ಮೇಲೆ ಧಾರವಾಡದ ಮಳೆಗಾಲದ ತೇವ, ಗದಗಿನ ಬೇಸಿಗೆಯ ಧೂಳು. ಆದ್ದರಿಂದ ಯಾವ ವಸ್ತುವನ್ನಾದರೂ ಬದಲಿಸುವ ಮುನ್ನ ಅದಕ್ಕೆ ಸರಿಯಾದ ವೋಲ್ಟೇಜ್ ಬರುತ್ತಿದೆಯೇ ಎಂದು ಅಳೆಯಬೇಕು. ಅದೂ ಆ ವಸ್ತು ಓಡುತ್ತಿರುವಾಗಲೇ ಅಳೆಯಬೇಕು.

ಮೂರು ವೈರಿಂಗ್

ಕ್ಯಾರವಾನಿನೊಳಗೆ ಇರುವುದು ಒಂದೇ ವೈರಿಂಗ್ ಎಂದುಕೊಂಡರೆ ದೋಷ ಎಂದಿಗೂ ಸಿಗುವುದಿಲ್ಲ. ಒಂದೇ ಮನೆಯಲ್ಲಿ ಒಲೆ ಬೇರೆ ಮಾಡಿಕೊಂಡ ಮೂವರು ಅಣ್ಣತಮ್ಮಂದಿರಂತೆ ಮೂರು ವ್ಯವಸ್ಥೆಗಳು ಒಂದೇ ಚಾಸಿನ ಮೇಲೆ ಬಾಳುತ್ತಿರುತ್ತವೆ. ಮೊದಲನೆಯದು, ಎಳೆಯುವ ಗಾಡಿಯಿಂದ ಪ್ಲಗ್ ಮೂಲಕ ಬರುವ 12 ವೋಲ್ಟ್: ಹಿಂದಿನ ದೀಪ, ಬ್ರೇಕ್ ಲೈಟ್, ಇಂಡಿಕೇಟರ್. ಎರಡನೆಯದು, ಕ್ಯಾರವಾನಿನದೇ ಬ್ಯಾಟರಿಯಿಂದ ನಡೆಯುವ 12 ವೋಲ್ಟ್: ಒಳಗಿನ ಎಲ್ಇಡಿ, ನೀರಿನ ಪಂಪು, ಫ್ಯಾನು, ಫ್ರಿಜ್. ಮೂರನೆಯದು, ಹೊರಗಿನ ಸಾಕೆಟ್ಟಿನಿಂದ ಕೇಬಲ್ ಎಳೆದು ತರುವ 230 ವೋಲ್ಟ್: ಏಸಿ, ಗೀಸರ್, ಇಂಡಕ್ಷನ್ ಒಲೆ.

ಈ ಮೂರೂ ಒಂದನ್ನೊಂದು ಮುಟ್ಟುವ ಜಾಗಗಳು ಮೂರೇ. 230ನ್ನು 12 ಮಾಡುವ ಚಾರ್ಜರ್, 12ನ್ನು 230 ಮಾಡುವ ಇನ್ವರ್ಟರ್, ಮತ್ತು ಗಾಡಿಯ ಆಲ್ಟರ್ನೇಟರಿನಿಂದ (ಎಂಜಿನ್ ತಿರುಗಿಸುವ ಕರೆಂಟ್ ಯಂತ್ರದಿಂದ) ಕ್ಯಾರವಾನ್ ಬ್ಯಾಟರಿಗೆ ಬರುವ ಚಾರ್ಜಿಂಗ್ ವೈರು. ಸೋಲಾರ್ ಇದ್ದರೆ ಅದು ಎರಡನೆಯದರ ಬ್ಯಾಟರಿಗೆ ಬಂದು ಸೇರುತ್ತದೆ.

ದೋಷ ಕಂಡಾಗ ಅದು ಯಾರ ಒಲೆಯದು ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಗಾಡಿಯ ಪ್ಲಗ್ ಕಿತ್ತು, ಹೊರಗಿನ 230ರ ಕೇಬಲ್ಲನ್ನೂ ತೆಗೆದು, ಬರಿಯ ಬ್ಯಾಟರಿ ಮೇಲೆ ಒಳಗಿನ ದೀಪ ಹಾಕಿ ನೋಡಿ. ದೀಪ ಸರಿಯಾಗಿ ಉರಿದರೆ ಎರಡನೆಯ ವ್ಯವಸ್ಥೆ ಬಹುಮಟ್ಟಿಗೆ ಚೆನ್ನಾಗಿದೆ. ಕೇಬಲ್ ಹಾಕಿದಾಗ ಮಾತ್ರ ಒಳದೀಪ ಪ್ರಕಾಶಮಾನ, ತೆಗೆದರೆ ಮಂಕು ಎಂದಾದರೆ ಬ್ಯಾಟರಿ ಅಥವಾ ಅದರ ಜೋಡಣೆಯಲ್ಲಿ ಕೊರತೆ. ಕೆಲಸ ನಡೆಸುತ್ತಿರುವುದು ಚಾರ್ಜರ್ ಒಂದೇ. ಹಗಲಿಡೀ ಗಾಡಿ ಓಡಿಸಿಯೂ ಸಂಜೆಗೆ ಬ್ಯಾಟರಿ ಖಾಲಿ ಎಂದಾದರೆ ಚಾರ್ಜಿಂಗ್ ವೈರನ್ನು ನೋಡಿ. ಈ ಹತ್ತು ನಿಮಿಷದ ಕೆಲಸ ಬಿಟ್ಟು ನೇರವಾಗಿ ಪ್ಯಾನೆಲ್ ಬಿಚ್ಚಲು ಕೂತವರು ಸಂಜೆಯವರೆಗೂ ಬಿಚ್ಚುತ್ತಲೇ ಇರುತ್ತಾರೆ.

ಜೊತೆಗಿರಬೇಕಾದ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು, ದುಬಾರಿಯದೇ ಬೇಕಿಲ್ಲ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಇದ್ದರೆ ಬಹಳ ಅನುಕೂಲ. ಕೊಳ್ಳುವಾಗ ಡಿಸಿ ಕರೆಂಟ್ ಅಳೆಯುತ್ತದೆಯೇ ಎಂದು ಕೇಳಿ, ಏಕೆಂದರೆ ಬ್ಯಾಟರಿಯದು ಡಿಸಿ, ಕಡಿಮೆ ಬೆಲೆಯವು ಮನೆಯ ಏಸಿ ಕರೆಂಟನ್ನು ಮಾತ್ರ ಅಳೆಯುತ್ತವೆ. ಬ್ಲೇಡ್ ಫ್ಯೂಸುಗಳು ಪ್ರತಿ ಅಳತೆಯಲ್ಲೂ ನಾಲ್ಕೈದು ಇರಲಿ: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಕ್ರಿಂಪಿಂಗ್ ಇಕ್ಕಳ, ತಾಮ್ರದ ಲಗ್ಗುಗಳು, ಹೀಟ್ ಸ್ಲೀವ್, ಸ್ಯಾಂಡ್ ಪೇಪರ್, ವ್ಯಾಸಲಿನ್.

ಇವುಗಳ ಜೊತೆಗೆ ಒಂದು ಹಳೆಯ ಹೆಡ್‌ಲೈಟ್ ಬಲ್ಬ್. ಹೆಡ್‌ಲೈಟ್ ಬಲ್ಬಿನ 55 ವ್ಯಾಟಿನ ತಂತಿ 12 ವೋಲ್ಟಿನಲ್ಲಿ ಸುಮಾರು 4.5 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಎರಡು ವೈರು, ಎರಡು ಕ್ಲಿಪ್ ಬೆಸೆದಿಟ್ಟರೆ ಪುಕ್ಕಟೆಯ ಲೋಡ್ ಟೆಸ್ಟರ್ ಸಿದ್ಧ. ನಿಯಾನ್ ದೀಪದ ಟೆಸ್ಟರ್ ಸ್ಕ್ರೂಡ್ರೈವರನ್ನು ಮಾತ್ರ ನಂಬಬೇಡಿ. 12 ವೋಲ್ಟಿಗೆ ಅದು ಉರಿಯುವುದೇ ಇಲ್ಲ. 230ರಲ್ಲಿ ಫೇಸ್ ಇದೆ ಎಂದಷ್ಟೇ ಹೇಳುತ್ತದೆ. ನ್ಯೂಟ್ರಲ್ ಇದೆಯೋ ಇಲ್ಲವೋ, ಅರ್ಥಿಂಗ್ ಇದೆಯೋ ಇಲ್ಲವೋ ಹೇಳುವುದಿಲ್ಲ.

ಬ್ಯಾಟರಿ ಹತ್ತಿರ ಕೆಲಸ ಮಾಡುವಾಗ ಉಂಗುರ, ಕಡಗ, ಲೋಹದ ವಾಚು ತೆಗೆದಿಡಿ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಎರಡು ಟರ್ಮಿನಲ್ ನಡುವೆ ಸ್ಪ್ಯಾನರ್ ಬಿದ್ದರೆ ನೂರಾರು ಆಂಪಿಯರ್ ಹರಿದು ಸ್ಪ್ಯಾನರ್ ಕೆಂಪಗಾಗುತ್ತದೆ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ.

ಸುಮ್ಮನಿರುವ ವೋಲ್ಟೇಜ್ ಸುಳ್ಳು ಹೇಳುತ್ತದೆ

ಲೆಡ್ ಆಸಿಡ್ ಬ್ಯಾಟರಿ ಚಾರ್ಜೂ ಇಲ್ಲದೆ ಲೋಡೂ ಇಲ್ಲದೆ ಮೂರು–ನಾಲ್ಕು ಗಂಟೆ ಸುಮ್ಮನಿದ್ದ ಮೇಲೆ 12.6ರಿಂದ 12.7 ತೋರಿಸಿದರೆ ತುಂಬಿದೆ, 12.2 ಸುಮಾರು ಅರ್ಧ, 11.8ಕ್ಕಿಂತ ಕೆಳಗೆ ಬಂದರೆ ಖಾಲಿ. ಲಿಥಿಯಂ ಐರನ್ ಫಾಸ್ಫೇಟ್ ಆದರೆ ಈ ಲೆಕ್ಕ ನಡೆಯುವುದಿಲ್ಲ, ತುಂಬಿದಾಗ 13.3–13.4, ಆಮೇಲೆ ಬಹುತೇಕ ಖಾಲಿಯಾಗುವವರೆಗೂ 13ರ ಆಸುಪಾಸಿನಲ್ಲೇ ನಿಂತಿರುತ್ತದೆ. ಹೀಗಾಗಿ ಲಿಥಿಯಂನಲ್ಲಿ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ಊಹಿಸುವುದು ವ್ಯರ್ಥ. ಒಳಬಂದ, ಹೊರಹೋದ ಕರೆಂಟನ್ನು ಎಣಿಸುವ, ಶಂಟ್ ಹಾಕಿದ ಬ್ಯಾಟರಿ ಮಾನಿಟರ್ ಬೇಕು.

ಸತ್ತುಹೋದ ಲೆಡ್ ಬ್ಯಾಟರಿಯೂ ರಾತ್ರಿಯಿಡೀ ಚಾರ್ಜಿಗೆ ಹಾಕಿದರೆ ಬೆಳಿಗ್ಗೆ 12.6 ತೋರಿಸಬಲ್ಲದು. ಅದಕ್ಕೆ ಎರಡು ಹೆಡ್‌ಲೈಟ್ ಬಲ್ಬ್ ಒಟ್ಟಿಗೆ ಕಟ್ಟಿ, ಸುಮಾರು 9 ಆಂಪಿಯರ್ ಎಳೆಸಿ, ಹತ್ತು ನಿಮಿಷ ಬಿಟ್ಟು ಟರ್ಮಿನಲ್ಲಿನ ಮೇಲೇ ಅಳೆಯಿರಿ. 100 ಆಂಪಿಯರ್-ಅವರಿನ (ಒಂದು ಆಂಪಿಯರನ್ನು ನೂರು ಗಂಟೆ ಕೊಡುವ ಲೆಕ್ಕದ) ಒಳ್ಳೆಯ ಬ್ಯಾಟರಿ 12ರ ಮೇಲೇ ನಿಲ್ಲುತ್ತದೆ. 11ರ ಕೆಳಗೆ ಜಾರಿದರೆ ಗ್ಯಾರೇಜಿನವರ ಮಾತು ಸರಿ, ಬ್ಯಾಟರಿ ಹೋಗಿದೆ. ಮುಚ್ಚಳ ತೆಗೆಯುವ ಟ್ಯೂಬ್ಯುಲರ್ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರೂ ಸೆಲ್ಲಿನ ಆಸಿಡ್ಡಿನ ಗ್ರಾವಿಟಿ (ಸಾಂದ್ರತೆ) ನೋಡಿ; ಒಂದು ಸೆಲ್ ಉಳಿದವಕ್ಕಿಂತ 50 ಪಾಯಿಂಟ್ ಕಡಿಮೆ, ಅಂದರೆ ಉಳಿದವು 1.240 ಇರುವಾಗ ಅದು 1.190, ತೋರಿಸಿದರೆ ಆ ಸೆಲ್ ಕೆಟ್ಟಿದೆ. ಅಂದಹಾಗೆ, ಮನೆಯ ಯುಪಿಎಸ್ಸಿನ ದೊಡ್ಡ ಟ್ಯೂಬ್ಯುಲರ್ ಬ್ಯಾಟರಿಯನ್ನೇ ತಂದು ಮಂಚದ ಕೆಳಗೆ ಇಡುವವರಿದ್ದಾರೆ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ. ಹೊರಗೆ ಗಾಳಿ ಹೋಗುವ ಪೆಟ್ಟಿಗೆಯಲ್ಲಿ ಇಡಲಾಗದಿದ್ದರೆ ಅದು ಕ್ಯಾರವಾನಿಗೆ ತಕ್ಕದ್ದಲ್ಲ.

ಲಿಥಿಯಂ ಬ್ಯಾಟರಿ ಹಠಾತ್ತನೆ ಸೊನ್ನೆ ಅಥವಾ ಎರಡು–ಮೂರು ವೋಲ್ಟ್ ತೋರಿಸಿದರೆ ಗಾಬರಿ ಬೇಡ. ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಬಾಗಿಲು ಹಾಕಿಕೊಂಡಿದೆ: ತೀರ ಖಾಲಿಯಾಗಿದೆ, ಇಲ್ಲವೆ ತೀರ ಬಿಸಿಯಾಗಿದೆ, ಇಲ್ಲವೆ ಚಾರ್ಜರ್ ಹೆಚ್ಚು ವೋಲ್ಟ್ ಕೊಟ್ಟಿದೆ. ಮೇ ತಿಂಗಳ ಮಧ್ಯಾಹ್ನ ಮುಚ್ಚಿದ ತಗಡಿನ ಪೆಟ್ಟಿಗೆಯೊಳಗೆ ಬಿಸಿಯಿಂದ ಚಾರ್ಜಿಂಗ್ ನಿಲ್ಲುವುದು ಸಾಮಾನ್ಯ. ಸಂಜೆ ತಣ್ಣಗಾದ ಮೇಲೆ ತಾನೇ ಎದ್ದುಕೊಳ್ಳುತ್ತದೆ. ಲೆಡ್ ಆಸಿಡ್ಡಿಗೆಂದು ಮಾಡಿದ ಹಳೆಯ ಚಾರ್ಜರಿನ ಈಕ್ವಲೈಸ್ ಹಂತ (ಎಲ್ಲ ಸೆಲ್ಲುಗಳನ್ನು ಸಮ ಮಾಡುವ ಹಂತ) 15 ವೋಲ್ಟ್ ದಾಟುವುದರಿಂದಲೂ ಹೀಗಾಗುತ್ತದೆ. ಲಿಥಿಯಂಗೆ 14.2ರಿಂದ 14.6 ಸಾಕು.

ವೋಲ್ಟ್ ದಾರಿಯಲ್ಲಿ ಎಲ್ಲಿ ಸೋರುತ್ತದೆ

ಇಡೀ ವಿಷಯದ ತಿರುಳು ಇಲ್ಲಿದೆ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರು ಮೀಟರಿಗೆ 0.0175 ಓಮ್ ತಡೆ ಒಡ್ಡುತ್ತದೆ. ಬ್ಯಾಟರಿಯಿಂದ ಫ್ರಿಜ್ಜಿಗೆ 6 ಮೀಟರ್ ಎಂದರೆ ಹೋಗಿ ಬರಲು 12 ಮೀಟರ್. 1.5 ಚದರ ಮಿಮೀ ವೈರು ಎಳೆದಿದ್ದರೆ ಒಟ್ಟು 0.14 ಓಮ್. ಕಂಪ್ರೆಸರ್ ಏಳುವ ಕ್ಷಣ 10 ಆಂಪಿಯರ್ ಎಳೆದರೆ 1.4 ವೋಲ್ಟ್ ದಾರಿಯಲ್ಲೇ ಮಾಯ. ಬ್ಯಾಟರಿಯಲ್ಲಿ 12.1 ಇದ್ದರೂ ಫ್ರಿಜ್ಜಿಗೆ ಸಿಗುವುದು 10.7. ಅದು "ಬ್ಯಾಟರಿ ಖಾಲಿ" ಎಂದು ತಿಳಿದು ಕಟ್ ಆಗುತ್ತದೆ. ಲೋಡ್ ಹೋದ ಕೂಡಲೆ ವೋಲ್ಟೇಜ್ ಮತ್ತೆ ಏರುತ್ತದೆ, ಫ್ರಿಜ್ ಮತ್ತೆ ಏಳಲು ನೋಡುತ್ತದೆ, ಮತ್ತೆ ಕಟ್. ಟಕ್, ಟಕ್ ಎಂಬ ಸದ್ದು ಕೇಳುತ್ತದೆ, ತಂಪು ಮಾತ್ರ ಇಲ್ಲ. ಬಹಳ ಜನ ಇದನ್ನು ಕಂಪ್ರೆಸರ್ ದೋಷ ಎಂದು ತಿಳಿದು ಫ್ರಿಜ್ಜನ್ನೇ ಕಿತ್ತು ರಿಪೇರಿಗೆ ಒಯ್ಯುತ್ತಾರೆ. ಅಂಗಡಿಯ ದಪ್ಪ ವೈರಿನಲ್ಲಿ ಅದು ಚೆನ್ನಾಗಿಯೇ ಓಡುತ್ತದೆ. ಮದ್ದು: ಬ್ಯಾಟರಿಯಿಂದ ನೇರವಾಗಿ 6 ಚದರ ಮಿಮೀ ವೈರು, ಅದಕ್ಕೇ ಪ್ರತ್ಯೇಕ 15 ಆಂಪಿಯರ್ ಫ್ಯೂಸು. ಆಗ ನಷ್ಟ 0.35 ವೋಲ್ಟಿಗೆ ಇಳಿಯುತ್ತದೆ.

ನಷ್ಟ ಎಲ್ಲಾಗುತ್ತಿದೆ ಎಂದು ಕಂಡುಹಿಡಿಯುವ ಕ್ರಮ ಸರಳ. ಉಪಕರಣ ಓಡುತ್ತಿರಲಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಮೇಲೆ, ಇನ್ನೊಂದು ಉಪಕರಣದ ಪಾಸಿಟಿವ್ ಮೇಲೆ ಇಡಿ. ಮೀಟರ್ ತೋರಿಸುವುದೇ ಪಾಸಿಟಿವ್ ದಾರಿಯ ನಷ್ಟ. 0.3ಕ್ಕಿಂತ ಹೆಚ್ಚಿದ್ದರೆ ಎರಡನೆಯ ಕಡ್ಡಿಯನ್ನು ಹಿಂದಕ್ಕೆ ತರುತ್ತ ಬನ್ನಿ: ಸ್ವಿಚ್ಚಿನ ಆಚೆ, ಈಚೆ, ಫ್ಯೂಸಿನ ಆಚೆ, ಈಚೆ. ಎಲ್ಲಿ ಅಂಕಿ ಥಟ್ಟನೆ ಬೀಳುತ್ತದೋ ದೋಷ ಅಲ್ಲೇ. ಆಮೇಲೆ ನೆಗೆಟಿವ್ ಕಡೆಗೂ ಇದೇ ಪರೀಕ್ಷೆ. ಇದನ್ನು ಬಿಡಬೇಡಿ, ಏಕೆಂದರೆ ಅರ್ಧಕ್ಕರ್ಧ ದೋಷ ನೆಗೆಟಿವಿನಲ್ಲೇ ಅಡಗಿರುತ್ತದೆ. ಚಾಸಿಗೆ ಬಿಗಿದ ಬೋಲ್ಟನ್ನು ಬಿಚ್ಚಿ, ಪೇಂಟ್ ಕೆರೆದು, ಲೋಹ ಹೊಳೆಯುವವರೆಗೆ ಸ್ಯಾಂಡ್ ಪೇಪರ್ ಹಾಕಿ, ಹಲ್ಲಿನ ವಾಷರ್ ಸೇರಿಸಿ ಬಿಗಿದು, ಮೇಲೆ ವ್ಯಾಸಲಿನ್ ಸವರಿ. ಬ್ಯಾಟರಿ ಟರ್ಮಿನಲ್ಲಿನ ಮೇಲಿನ ನೀಲಿ-ಬಿಳಿ ಪುಡಿಗೆ ಅಡುಗೆ ಸೋಡಾ ಕಲಸಿದ ಬಿಸಿನೀರು ಸಾಕು. ಅದು ಸೆಲ್ಲಿನ ಒಳಗೆ ಮಾತ್ರ ಬೀಳಬಾರದು.

ಆಲ್ಟರ್ನೇಟರಿನ ಚಾರ್ಜಿಂಗ್ ವೈರಿಗೂ ಇದೇ ಲೆಕ್ಕ. ಗಾಡಿಯ ಬಾನೆಟ್ಟಿನಿಂದ ಕ್ಯಾರವಾನ್ ಬ್ಯಾಟರಿಗೆ 8 ಮೀಟರ್ ಎಂದರೆ ಹೋಗಿ ಬರಲು 16. 2.5 ಚದರ ಮಿಮೀ ವೈರಿನಲ್ಲಿ 20 ಆಂಪಿಯರ್ ಹರಿಸಬೇಕೆಂದರೆ 2.2 ವೋಲ್ಟ್ ನಷ್ಟ. 14.2 ಹೊರಟದ್ದು 12 ಆಗಿ ತಲುಪಿದರೆ ಬ್ಯಾಟರಿ ತುಂಬುವುದೆಲ್ಲಿಂದ? ಮೇಲಾಗಿ 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಲ್ಲಿ ಹಲವಕ್ಕೆ ಸ್ಮಾರ್ಟ್ ಆಲ್ಟರ್ನೇಟರ್ ಇದೆ; ತನ್ನ ಬ್ಯಾಟರಿ ತುಂಬಿದ ಕೂಡಲೆ ವೋಲ್ಟೇಜನ್ನು ತಾನೇ ಇಳಿಸಿಬಿಡುತ್ತದೆ. ಅಂಥ ಗಾಡಿಗೆ ಡಿಸಿ-ಡಿಸಿ ಚಾರ್ಜರ್ ಹಾಕಲೇಬೇಕು. ಅದು ಕಡಿಮೆ ವೋಲ್ಟೇಜನ್ನು ತೆಗೆದುಕೊಂಡು ಬ್ಯಾಟರಿಗೆ ಬೇಕಾದ 14.4ನ್ನು ಮಾಡಿಕೊಡುತ್ತದೆ. 20 ಆಂಪಿಯರಿನದಕ್ಕೆ 10 ಚದರ ಮಿಮೀ ವೈರು, ಎರಡೂ ಬ್ಯಾಟರಿಗಳ ಪಕ್ಕ ಒಂದೊಂದು ಫ್ಯೂಸು.

ಹಿಂದಿನ ದೀಪಗಳ ಆಟ

ಬ್ರೇಕ್ ಒತ್ತಿದರೆ ಇಂಡಿಕೇಟರೂ ಮಿನುಗುವುದು, ಎಡಕ್ಕೆ ಹಾಕಿದರೆ ಎರಡೂ ಕಡೆ ಮಂಕಾಗಿ ಉರಿಯುವುದು. ಇಂಥ ವಿಚಿತ್ರಗಳಿಗೆಲ್ಲ ಒಂದೇ ಕಾರಣ: ಅರ್ಥ್ ವೈರು ಕೈಬಿಟ್ಟಿದೆ. ಹಿಂದಿರುಗಲು ತನ್ನ ದಾರಿ ಇಲ್ಲದ ಕರೆಂಟ್ ಪಕ್ಕದ ಬಲ್ಬಿನ ಮೂಲಕ ಹಾದು ಹೋಗುತ್ತದೆ. ಕೆಲವೊಮ್ಮೆ ಅರ್ಥ್ ವೈರು ಪೂರ್ತಿ ತುಂಡಾಗಿದ್ದರೂ ಕ್ಯಾರವಾನನ್ನು ಗಾಡಿಗೆ ಸಿಕ್ಕಿಸುವ ಕೊಂಡಿಯ ಲೋಹದ ಗುಂಡಿನ ಮೂಲಕವೇ ಕರೆಂಟ್ ದಾಟಿ ದೀಪ ಉರಿಯುತ್ತಿರುತ್ತದೆ. ಗುಂಡಿಗೆ ಗ್ರೀಸ್ ಹಚ್ಚಿದ ದಿನವೋ, ರಸ್ತೆ ಕೆಟ್ಟ ಕಡೆಯೋ ಆರುತ್ತದೆ. ನಿಂತಾಗ ಸರಿ, ಓಡುವಾಗ ದೋಷ ಎಂಬ ದೂರಿಗೆ ಇದೇ ಮೂಲ.

ಏಳು ಪಿನ್ನಿನ ಯುರೋಪಿನ ಮಾದರಿಯ ಪ್ಲಗ್ಗಿನಲ್ಲಿ 1 ಎಡ ಇಂಡಿಕೇಟರ್, 2 ಹಿಂದಿನ ಮಂಜುದೀಪ, 3 ಅರ್ಥ್, 4 ಬಲ ಇಂಡಿಕೇಟರ್, 5 ಬಲ ಹಿಂದೀಪ, 6 ಬ್ರೇಕ್, 7 ಎಡ ಹಿಂದೀಪ. ಗಾಡಿಯ ಸಾಕೆಟ್ಟಿನ 3ನೇ ಪಿನ್ನಿನಿಂದ ಒಂದು ಉದ್ದ ವೈರನ್ನು ದೀಪದ ಅರ್ಥಿಗೆ ನೇರವಾಗಿ ಮುಟ್ಟಿಸಿ. ಆಟ ನಿಂತರೆ ದೋಷ ಸಿಕ್ಕಿತು. ಮಳೆಗಾಲದಲ್ಲಿ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಸಣ್ಣ ಬ್ರಶ್ಶಿನಿಂದ ಉಜ್ಜಿದರೆ ಹೋಗುತ್ತದೆ. ಇಂಡಿಕೇಟರ್ ಅತಿ ವೇಗವಾಗಿ ಮಿನುಗಿದರೆ ಅದು ಬೇರೆ ಕಥೆ. ಗಾಡಿಯ ಫ್ಲ್ಯಾಶರ್ 21 ವ್ಯಾಟಿನ ಬಲ್ಬನ್ನು ಎದುರು ನೋಡುತ್ತಿದೆ, ಕ್ಯಾರವಾನಿನಲ್ಲಿ ಎಲ್ಇಡಿ ಇದೆ, ಇಲ್ಲವೆ ಬಲ್ಬ್ ಸುಟ್ಟಿದೆ.

ಫ್ಯೂಸು ಮತ್ತೆ ಮತ್ತೆ ಹೋದರೆ

ದೊಡ್ಡ ಫ್ಯೂಸು ಹಾಕಬೇಡಿ. ಫ್ಯೂಸು ಇರುವುದು ವೈರನ್ನು ಕಾಪಾಡಲು. 10ರ ಜಾಗದಲ್ಲಿ 30 ಹಾಕಿದರೆ ಪ್ಲೈವುಡ್ ಗೋಡೆಯ ಹಿಂದೆ ಸುಡುವುದು ವೈರು. ಹೆಡ್‌ಲೈಟ್ ಬಲ್ಬ್ ಇಲ್ಲಿ ಮತ್ತೆ ನೆರವಿಗೆ ಬರುತ್ತದೆ. ಹೋದ ಫ್ಯೂಸಿನ ಜಾಗಕ್ಕೆ ಅದರ ಎರಡು ಕ್ಲಿಪ್ ಸಿಕ್ಕಿಸಿ. ಶಾರ್ಟ್ ಇದ್ದರೆ ಬಲ್ಬ್ ಪೂರ್ಣ ಪ್ರಕಾಶದಿಂದ ಉರಿಯುತ್ತದೆ, ಕರೆಂಟ್ 4.5 ಆಂಪಿಯರ್ ದಾಟುವುದಿಲ್ಲವಾದ್ದರಿಂದ ಏನೂ ಸುಡುವುದಿಲ್ಲ. ಈಗ ಆ ಲೈನಿನ ಒಂದೊಂದೇ ಉಪಕರಣ ಬಿಚ್ಚುತ್ತ, ವೈರನ್ನು ಅಲ್ಲಲ್ಲಿ ಅಲುಗಿಸುತ್ತ ಹೋಗಿ. ಬಲ್ಬ್ ಮಂಕಾದ ಕ್ಷಣ ಕೈ ಇರುವ ಜಾಗದಲ್ಲೇ ದೋಷ. ಹೆಚ್ಚಾಗಿ ಸಿಗುವುದು ಪೀಠೋಪಕರಣದ ಸ್ಕ್ರೂ ಚುಚ್ಚಿದ ವೈರು, ಚಾಸಿನ ರಂಧ್ರದ ಅಂಚು ಉಜ್ಜಿದ ವೈರು, ಇಲಿ ಕಡಿದ ವೈರು. ಹೊಲದ ಶೆಡ್ಡಿನಲ್ಲಿ ನಿಲ್ಲಿಸಿದ್ದ ಗಾಡಿಯಾದರೆ ಇಲಿಯನ್ನೇ ಮೊದಲು ಸಂಶಯಿಸಬಹುದು.

ಏನೂ ಬಳಸದೆ ಬ್ಯಾಟರಿ ಇಳಿದರೆ

ಎಲ್ಲ ಸ್ವಿಚ್ ಆರಿಸಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ರಂಧ್ರಕ್ಕೆ ಹಾಕಿ ನಡುವೆ ಸೇರಿಸಿ. ಈ ಸ್ಥಿತಿಯಲ್ಲಿ ಇನ್ವರ್ಟರನ್ನೋ ಪಂಪನ್ನೋ ಚಾಲೂ ಮಾಡಿದರೆ ಮೀಟರಿನ ಫ್ಯೂಸೇ ಹೋಗುತ್ತದೆ, ನೆನಪಿರಲಿ. ಗ್ಯಾಸ್ ಡಿಟೆಕ್ಟರ್ 0.1 ಆಂಪಿಯರ್ ಎಳೆದರೆ ದಿನಕ್ಕೆ 2.4 ಆಂಪಿಯರ್-ಅವರ್, ಅದು ಸಹಜ. ಮೀಟರ್ 1 ಆಂಪಿಯರ್ ತೋರಿಸಿದರೆ ದಿನಕ್ಕೆ 24. 100ರ ಬ್ಯಾಟರಿ ನಾಲ್ಕೇ ದಿನ. ಹೀಗೆ ಕುಡಿಯುವುದು ಹೆಚ್ಚಾಗಿ ಖಾಲಿ ಚಾಲೂ ಬಿಟ್ಟ ಇನ್ವರ್ಟರ್. ಅದಲ್ಲವಾದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಯಾವುದಕ್ಕೆ ಅಂಕಿ ಬೀಳುತ್ತದೆ ನೋಡಿ.

ಗ್ಯಾಸ್, 12, 230 ಮೂರರಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಜ್ (ಕಂಪ್ರೆಸರ್ ಇಲ್ಲದೆ ಶಾಖದಿಂದಲೇ ತಂಪು ಮಾಡುವುದು) ಇದ್ದರೆ ಅದರ 12 ವೋಲ್ಟ್ ಹೀಟರ್ 12 ಆಂಪಿಯರಿನಷ್ಟು ಎಳೆಯುತ್ತದೆ. ಗಾಡಿ ಓಡುವಾಗ ಮಾತ್ರ ಅದನ್ನು 12ರಲ್ಲಿ ಇಡಬೇಕು. ನಿಂತ ಮೇಲೆ ಮರೆತರೆ ನಾಲ್ಕು ಗಂಟೆಯಲ್ಲಿ ಅರ್ಧ ಬ್ಯಾಟರಿ ಹೋಯಿತು.

ಇನ್ವರ್ಟರಿನ ದಾಹ ಇನ್ನೂ ದೊಡ್ಡದು. 1000 ವ್ಯಾಟಿನ ಲೋಡಿಗೆ ಬ್ಯಾಟರಿಯಿಂದ ಸುಮಾರು 95 ಆಂಪಿಯರ್ ಬೇಕು. ಅಂಥಲ್ಲಿ ಒಂದು ಸಡಿಲ ಲಗ್ 0.01 ಓಮ್ ತಡೆ ಒಡ್ಡಿದರೂ ವೋಲ್ಟೇಜ್ ಒಂದು ವೋಲ್ಟ್ ಬೀಳುತ್ತದೆ, ಆ ಲಗ್ಗಿನಲ್ಲೇ 90 ವ್ಯಾಟ್ ಶಾಖ ಹುಟ್ಟುತ್ತದೆ. ಪ್ಲಾಸ್ಟಿಕ್ ಕರಗಲು ಅಷ್ಟು ಸಾಕು. ಮಿಕ್ಸಿ ಹಾಕಿದ ಕೂಡಲೆ ಇನ್ವರ್ಟರ್ ಲೋ-ಬ್ಯಾಟರಿ ಎಂದು ಕೂಗಿದರೆ ಕೇಬಲ್ಲಿನ ತುದಿಯನ್ನು ಕೈಯಿಂದ ಮುಟ್ಟಿ ನೋಡಿ. ಬಿಸಿ ಇದ್ದ ಕಡೆ ದೋಷ. 35 ಚದರ ಮಿಮೀ ಕೇಬಲ್, ಒಂದೂವರೆ ಮೀಟರಿಗಿಂತ ಹೆಚ್ಚು ಉದ್ದ ಬೇಡ, ಬ್ಯಾಟರಿಯಿಂದ ಗೇಣುದ್ದದೊಳಗೆ 125 ಅಥವಾ 150 ಆಂಪಿಯರಿನ ಫ್ಯೂಸು.

ಸೋಲಾರ್ ಬಗ್ಗೆ ಎರಡೇ ಮಾತು. 100 ವ್ಯಾಟಿನ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ 25ರಿಂದ 30 ಆಂಪಿಯರ್-ಅವರ್ ಕೊಡುತ್ತದೆ, ಮಳೆಗಾಲದಲ್ಲಿ ಅದರ ಕಾಲುಭಾಗಕ್ಕೂ ಇಳಿಯಬಹುದು. ಬಿಚ್ಚಿದ ಪ್ಯಾನೆಲ್ ಬಿಸಿಲಲ್ಲಿ 20–22 ವೋಲ್ಟ್ ತೋರಿಸಿದರೆ ಅಷ್ಟಕ್ಕೇ ಸರಿ ಎನ್ನಬೇಡಿ, ಆಂಪಿಯರನ್ನೂ ನೋಡಿ. ಏಪ್ರಿಲ್ ತಿಂಗಳಲ್ಲಿ ಬೇವಿನ ನೆರಳಿಗೆ ಗಾಡಿ ನಿಲ್ಲಿಸದವರು ಯಾರು? ಆದರೆ ಒಂದು ಕೊಂಬೆಯ ನೆರಳು ಪ್ಯಾನೆಲ್ಲಿನ ಮೂಲೆಗೆ ಬಿದ್ದರೂ ಇಡೀ ಪ್ಯಾನೆಲ್ಲಿನ ಕರೆಂಟ್ ಕುಸಿಯುತ್ತದೆ. ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವಿನ ಕಂಟ್ರೋಲರಿಗೆ ಯಾವಾಗಲೂ ಬ್ಯಾಟರಿ ಮೊದಲು ಜೋಡಿಸಿ, ಪ್ಯಾನೆಲ್ ಆಮೇಲೆ.

230 ವೋಲ್ಟ್: ಹೊಲದ ಮನೆಯ ಸಾಕೆಟ್ಟು

ಇಲ್ಲಿ ತಪ್ಪಿದರೆ ಜೀವಕ್ಕೇ ಕುತ್ತು. ನಮ್ಮ ಕಡೆ ಕ್ಯಾರವಾನ್ ನಿಲ್ಲಿಸಲೆಂದೇ ಕಟ್ಟಿದ ಜಾಗಗಳು ಕಡಿಮೆ. ರಾಣೆಬೆನ್ನೂರಿನ ಕೃಷ್ಣಮೃಗ ನೋಡಲು ಹೋದವರು, ಮಾಗಡಿ ಕೆರೆಯ ಬಾತು ನೋಡಲು ಹೋದವರು ಬೀಗರ ಹೊಲದ ಮನೆಯಲ್ಲೋ ಢಾಬಾದ ಹಿಂದೆಯೋ ನಿಲ್ಲಿಸಿ ಕರೆಂಟ್ ಕೇಳುತ್ತಾರೆ. "ತಗೋರಿ ಅಣ್ಣಾರ, ಮೋಟಾರಿನ ಬೋರ್ಡಿನಿಂದ ಎಳಕೋರಿ" ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಆ ಪ್ರೀತಿಯನ್ನು ಒಪ್ಪಿಕೊಳ್ಳಬಾರದು. ಪಂಪ್‌ಸೆಟ್ ಸ್ಟಾರ್ಟರಿನಲ್ಲಿ ಇರುವುದು ಮೂರು ಫೇಸು, ಅವುಗಳ ನಡುವೆ 415 ವೋಲ್ಟ್. ಅಲ್ಲಿ ನ್ಯೂಟ್ರಲ್ ಇಲ್ಲವೆಂದು ಒಂದು ಫೇಸು ಹಿಡಿದು ಇನ್ನೊಂದು ತುದಿಯನ್ನು ಭೂಮಿಗೆ ಕೊಡುವ ರೂಢಿ ಉಂಟು. ಅದರಲ್ಲಿ ಕ್ಯಾರವಾನಿನ ಮೈಯೇ ಕರೆಂಟಾಗಬಹುದು. ಮನೆಯ ಮೀಟರಿನಿಂದ ಬಂದ, ಮೂರು ರಂಧ್ರದ 16 ಆಂಪಿಯರ್ ಸಾಕೆಟ್ಟನ್ನೇ ಕೇಳಿ.

ಕೇಬಲ್ ಚುಚ್ಚುವ ಮುನ್ನ ಮೂರು ಅಳತೆ. ಫೇಸು–ನ್ಯೂಟ್ರಲ್ ನಡುವೆ 230ರ ಆಸುಪಾಸು. ಫೇಸು–ಅರ್ಥ್ ನಡುವೆಯೂ ಹೆಚ್ಚು ಕಡಿಮೆ ಅಷ್ಟೇ. ನ್ಯೂಟ್ರಲ್–ಅರ್ಥ್ ನಡುವೆ ಎರಡು–ಮೂರು ವೋಲ್ಟಿನೊಳಗೆ. ಎರಡನೆಯ ಅಳತೆ 60, 110 ಎಂದು ತೇಲಾಡಿದರೆ ಅರ್ಥಿಂಗ್ ಇಲ್ಲ. ಮೀಟರ್ ತೋರಿಸುತ್ತಿರುವುದು ಪಕ್ಕದ ವೈರಿನಿಂದ ಹಾರಿಬಂದ ನೆರಳು ವೋಲ್ಟೇಜ್. ಮೂರನೆಯದು 10 ದಾಟಿದರೆ ನ್ಯೂಟ್ರಲ್ ಮೇಲೆ ಹೊರೆ ಹೆಚ್ಚು ಅಥವಾ ಅದು ಸಡಿಲ. ಉರಿಯುತ್ತಿರುವ ದೀಪ ಇದ್ದಕ್ಕಿದ್ದಂತೆ ಹೆಚ್ಚು ಪ್ರಕಾಶಮಾನವಾದರೆ ಓಡಿಹೋಗಿ ಮೇನ್ ಆರಿಸಿ. ಕಂಬದಲ್ಲಿ ನ್ಯೂಟ್ರಲ್ ತುಂಡಾಗಿದ್ದರೆ ಒಂದು ಫೇಸಿನ ಉಪಕರಣಕ್ಕೆ 400ರ ತನಕ ಬರಬಹುದು. 180ರ ಕೆಳಗೆ, 260ರ ಮೇಲೆ ತಾನೇ ಕಟ್ ಆಗುವ ವೋಲ್ಟೇಜ್ ಪ್ರೊಟೆಕ್ಟರನ್ನು ಕ್ಯಾರವಾನಿನ ಬಾಗಿಲಲ್ಲೇ ಹಾಕಿಸಿದರೆ ಈ ಓಟ ತಪ್ಪುತ್ತದೆ. ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲೂ ಆದಾಗ ವೋಲ್ಟೇಜ್ 170ಕ್ಕೆ ಇಳಿದು ಏಸಿಯ ಕಂಪ್ರೆಸರ್ ಏಳಲಾಗದೆ ಗುಂಯ್ ಎನ್ನುವುದಕ್ಕೂ ಅದೇ ಕಾವಲು.

"ನೆಲಕ್ಕೆ ಒಂದು ರಾಡ್ ಹೊಡೆದಿದ್ದೇವೆ, ಅರ್ಥಿಂಗ್ ಆಯಿತು" ಎನ್ನುವವರು ಈ ಲೆಕ್ಕ ನೋಡಲಿ. ಎರೆಮಣ್ಣು ಹಸಿ ಇದ್ದಾಗ ಒಳ್ಳೆಯ ಅರ್ಥ್, ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಕೆಟ್ಟದ್ದು. ರಾಡಿನ ತಡೆ 20 ಓಮ್ ಎಂದಿಟ್ಟುಕೊಳ್ಳಿ. ಫೇಸು ಕ್ಯಾರವಾನಿನ ಲೋಹಕ್ಕೆ ತಾಗಿದರೆ ಹರಿಯುವುದು ಹೆಚ್ಚೆಂದರೆ 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಅಲುಗುವುದೂ ಇಲ್ಲ. ಮೈ ಮೇಲೆ ಕರೆಂಟ್ ಇದ್ದೇ ಇರುತ್ತದೆ, ಮೆಟ್ಟಿಲ ಮೇಲೆ ಕಾಲಿಟ್ಟವರು ಸಾಯಬಹುದು. ಕಾಪಾಡುವುದು 30 ಮಿಲಿಆಂಪಿಯರ್ ಆರ್‌ಸಿಸಿಬಿ. ಅಷ್ಟು ಸಣ್ಣ ಸೋರಿಕೆಗೇ ಕಟ್ ಆಗುತ್ತದೆ. ರಾಡೂ ಇರಲಿ, ಆದರೆ ಆರ್‌ಸಿಸಿಬಿ ಇಲ್ಲದ ಕ್ಯಾರವಾನಿಗೆ 230 ಕೊಡಲೇಬಾರದು. ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಗುಂಡಿ ಕೆಲಸ ಮಾಡಿದರೆ ಆರ್‌ಸಿಸಿಬಿ ಚೆನ್ನಾಗಿದೆ ಎಂದರ್ಥ, ಅರ್ಥಿಂಗ್ ಚೆನ್ನಾಗಿದೆ ಎಂದಲ್ಲ.

ಏನು ಬಿತ್ತು ಎಂಬುದೇ ಕಾರಣ ಹೇಳುತ್ತದೆ. ಎಂಸಿಬಿ ಹಾಕಿದ ಕ್ಷಣವೇ ಬಿದ್ದರೆ ಶಾರ್ಟ್. ಕೆಲವು ನಿಮಿಷ ನಡೆದು ಬಿದ್ದರೆ ಲೋಡ್ ಹೆಚ್ಚಾಗಿದೆ: 2000 ವ್ಯಾಟಿನ ಇಂಡಕ್ಷನ್ 8.7 ಆಂಪಿಯರ್, 1500ರ ಕೆಟಲ್ 6.5, ಏಸಿ 5ರಿಂದ 6. ಮೂರೂ ಒಟ್ಟಿಗೆ 16ಕ್ಕೆ ಹಿಡಿಸುವುದಿಲ್ಲ. ಆರ್‌ಸಿಸಿಬಿ ಬಿದ್ದರೆ ಎಲ್ಲೋ ಸೋರುತ್ತಿದೆ. ಆಗ ಎಲ್ಲ ಎಂಸಿಬಿ ಇಳಿಸಿ ಆರ್‌ಸಿಸಿಬಿ ಏರಿಸಿ. ನಿಂತರೆ ಒಂದೊಂದೇ ಎಂಸಿಬಿ ಏರಿಸುತ್ತ ಯಾವುದಕ್ಕೆ ಬೀಳುತ್ತದೆ ನೋಡಿ. ಎಲ್ಲ ಇಳಿದಿದ್ದರೂ ಬೀಳುತ್ತಿದ್ದರೆ ನ್ಯೂಟ್ರಲ್ ಅರ್ಥಿಗೆ ತಾಗಿರುವ ಸಂಭವ ಹೆಚ್ಚು. ಸಿಂಗಲ್ ಪೋಲ್ ಎಂಸಿಬಿ ನ್ಯೂಟ್ರಲನ್ನು ಕಡಿಯುವುದಿಲ್ಲವಾದ್ದರಿಂದ ಪ್ಲಗ್ಗುಗಳನ್ನೇ ಒಂದೊಂದಾಗಿ ಕೀಳಬೇಕು. ಗೀಸರಿನ ಕಾಯಿಲ್ಲು ಮೊದಲ ಆರೋಪಿ, ಮಳೆ ನೀರು ಹೊಕ್ಕ ಹೊರಗಿನ ಇನ್ಲೆಟ್ ಸಾಕೆಟ್ಟು ಎರಡನೆಯದು. ಬಿಚ್ಚಿ, ಒಣಗಿಸಿ, ಮತ್ತೆ ನೋಡಿ. ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ "ಈಗ ಚಲೋ ಆತು" ಎನ್ನುವ ರಿಪೇರಿಯನ್ನು ಒಪ್ಪಬೇಡಿ.

ಕೇಬಲ್ 2.5 ಚದರ ಮಿಮೀ, ಮೂರು ಕೋರಿನದು ಇರಲಿ. ಡ್ರಮ್ಮಿಗೆ ಸುತ್ತಿದ್ದರೆ ಪೂರ್ತಿ ಬಿಚ್ಚಿ ಹಾಸಿ. ಸುತ್ತಿದ ಕೇಬಲ್ಲಿನಲ್ಲಿ ಏಸಿ ಓಡಿಸಿದರೆ ಒಳಸುತ್ತು ಬಿಸಿಯಾಗಿ ಅಂಟಿಕೊಳ್ಳುತ್ತದೆ.

ಅಮೆರಿಕದ ವಿಡಿಯೊ ನೋಡಿ ವೈರು ಮುಟ್ಟುವವರಿಗೆ

ಕ್ಯಾರವಾನ್ ರಿಪೇರಿಯ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ಅಲ್ಲಿನ 120 ವೋಲ್ಟಿನ ವೈರಿಂಗಿನಲ್ಲಿ ಕಪ್ಪು ಎಂದರೆ ಫೇಸು, ಬಿಳಿ ನ್ಯೂಟ್ರಲ್. ನಮ್ಮ ಹಳೆಯ ಮನೆ ವೈರಿಂಗಿನಲ್ಲಿ ಕೆಂಪು ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಉಪಕರಣದ ವೈರಿನಲ್ಲಿ ಕಂದು ಫೇಸು, ನೀಲಿ ನ್ಯೂಟ್ರಲ್. ಅಲ್ಲಿನ ಟ್ರೇಲರುಗಳ 12 ವೋಲ್ಟ್ ಭಾಗದಲ್ಲಂತೂ ಕಪ್ಪು ಪಾಸಿಟಿವ್, ಬಿಳಿ ನೆಗೆಟಿವ್ ಆಗಿರುವುದೇ ಹೆಚ್ಚು; ನಮ್ಮ ಆಟೋ ಎಲೆಕ್ಟ್ರಿಷಿಯನ್ ಕಪ್ಪು ಕಂಡರೆ ನೆಗೆಟಿವ್ ಎಂದೇ ಹಿಡಿಯುತ್ತಾನೆ. ಅಲ್ಲಿಂದ ಬಂದ ಹಳೆಯ ಟ್ರೇಲರ್ ಸಿಕ್ಕಿದ್ದರೆ ಒಳಗಿನ ಉಪಕರಣಗಳ ತಗಡಿನ ಚೀಟಿ ಓದದೆ 230 ಕೊಡಬೇಡಿ. ಒಂದೇ ಕ್ಷಣದಲ್ಲಿ ಚಾರ್ಜರ್, ಮೈಕ್ರೋವೇವ್ ಎಲ್ಲ ಸುಟ್ಟುಹೋಗುತ್ತವೆ. ಬಣ್ಣ ಯಾವುದೇ ಇರಲಿ, ಮೀಟರ್ ಇಟ್ಟು ನೋಡಿದ ಮೇಲೆಯೇ ಇಕ್ಕಳ ಹಿಡಿಯಬೇಕು. ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದು, ಪ್ರತಿ ವೈರಿಗೂ ಟೇಪಿನ ಮೇಲೆ ಪೆನ್ನಿನಿಂದ ಹೆಸರು ಬರೆದು ಅಂಟಿಸಿ.

ಗೀಸರ್, ಏಸಿಯಂಥ 230ರ ಉಪಕರಣದ ಒಳಗಿನ ದೋಷ, ಕರಗಿದ ಡಿಬಿ ಬಾಕ್ಸು (ಎಂಸಿಬಿಗಳಿರುವ ಪೆಟ್ಟಿಗೆ), ಮುಟ್ಟಿದರೆ ಜುಮ್ಮೆನ್ನುವ ಬಾಗಿಲು: ಈ ಮೂರನ್ನು ಲೈಸೆನ್ಸ್ ಇರುವ ವೈರ್‌ಮನ್ನಿಗೇ ಬಿಡಿ. ಉಳಿದ ಬಹುಪಾಲು 12 ವೋಲ್ಟಿನ ಕೆಲಸ, ಕೊಂಡವರೇ ಮಾಡಿಕೊಳ್ಳಬಹುದು. ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗ ಲೆಡ್ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ನೆಗೆಟಿವ್ ಬಿಚ್ಚಿಡಿ. ತಿಂಗಳಿಗೊಮ್ಮೆ ಅಳೆದು 12.4ಕ್ಕೆ ಇಳಿದಿದ್ದರೆ ಮತ್ತೆ ತುಂಬಿಸಿ. ಲಿಥಿಯಂ ಆದರೆ ಅರ್ಧ ಚಾರ್ಜಿನಲ್ಲೇ ಬಿಡಿ. ಗಾಡಿಗೆ ಚುಚ್ಚುವ ಪ್ಲಗ್ಗಿನ ಬಾಯಿ ಕೆಳಮುಖವಾಗಿ ನೇತಾಡುವಂತೆ ಕಟ್ಟಿಡಿ, ನೀರು ನಿಲ್ಲುವುದಿಲ್ಲ.